ಬೆಕ್ಕಿಗೆ ಸಕ್ಕರೆ ಕಾಯಿಲೆ: ಮನೆಯಲ್ಲಿ ಇನ್ಸುಲಿನ್ ಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ, ಇನ್ಸುಲಿನ್ ಫ್ರಿಜ್‌ಗೆ ಬಂದಿದೆ, ನಾಳೆ ಬೆಳಗ್ಗೆ ಮೊದಲ ಸೂಜಿ. ಆ ರಾತ್ರಿ ತಲೆಯಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಡೋಸ್ ಎಷ್ಟು ಎಂದು ತೀರ್ಮಾನಿಸುವುದು ನಿಮ್ಮ ಪಶುವೈದ್ಯರ ಕೆಲಸ. ಅದನ್ನು ದಿನಕ್ಕೆ ಎರಡು ಸಲ ಎಡವಟ್ಟಿಲ್ಲದೆ ಕೊಡುವುದು, ಕೊಟ್ಟ ಮೇಲೆ ಬೆಕ್ಕನ್ನು ಗಮನಿಸುವುದು ನಿಮ್ಮ ಕೆಲಸ. ಸಕ್ಕರೆ ಕೆಲವು ದಿನ ಹೆಚ್ಚಿದ್ದರೆ ಸರಿಪಡಿಸಲು ಸಮಯವಿರುತ್ತದೆ, ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಮುಂದಿನ ಬಹುತೇಕ ಉತ್ತರಗಳು ಈ ಒಂದು ಮಾತನ್ನೇ ಹಿಡಿದುಕೊಂಡಿವೆ.

ಬೆಕ್ಕಿಗೂ ಶುಗರ್ ಬರುತ್ತದೆಯೇ? ನಮಗೆ ಬರುವಂಥದ್ದೇನಾ?

ಬರುತ್ತದೆ. ಹೆಚ್ಚಿನ ಬೆಕ್ಕುಗಳಲ್ಲಿ ಕಾಣುವುದು ನಮ್ಮ ಟೈಪ್ 2ಕ್ಕೆ ಹತ್ತಿರವಾದದ್ದು. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಮೇದೋಜೀರಕ ಗ್ರಂಥಿ ದುಡಿದು ದುಡಿದು ಸೋಲುತ್ತದೆ. ಮೈ ಬಂದ, ಮನೆಯೊಳಗೇ ಇರುವ, ಸಂತಾನಹರಣ ಚಿಕಿತ್ಸೆಯಾದ, ವಯಸ್ಸು ಮೀರುತ್ತಿರುವ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಚರ್ಮದ ತುರಿಕೆಗೋ ಬಾಯಿಯ ಹುಣ್ಣಿಗೋ ಸ್ಟೀರಾಯ್ಡ್ ಪಡೆದ ಬೆಕ್ಕುಗಳಲ್ಲೂ ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್ ಹಿಂದೆ ಯಾವಾಗಲಾದರೂ ಹಾಕಿಸಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಲಕ್ಷಣಗಳು ಮೊದಲು ನೀರಿನ ಬಟ್ಟಲಿನಲ್ಲೇ ಗೊತ್ತಾಗುತ್ತವೆ. ಬಟ್ಟಲು ಬೇಗ ಖಾಲಿ, ಮರಳಿನ ಟ್ರೇಯಲ್ಲಿ ದೊಡ್ಡ ದೊಡ್ಡ ಗಡ್ಡೆ, ಹೊಟ್ಟೆ ತುಂಬ ತಿಂದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದ ತೂಕ. ಅಂಗಳದಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುವುದನ್ನು ನೋಡಿ ಅನುಮಾನಪಟ್ಟವರೂ ಇದ್ದಾರೆ, ಆ ಅನುಮಾನ ತಪ್ಪಲ್ಲ. ಕಾಯಿಲೆ ಹಳೆಯದಾದರೆ ಹಿಂಗಾಲಿನ ನರ ಸೋತು, ಬೆಕ್ಕು ತುದಿಬೆರಳಲ್ಲಿ ನಡೆಯುವುದನ್ನು ಬಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ.

ಕ್ಲಿನಿಕ್‌ನಲ್ಲಿ ಒಂದೇ ಸಲ ನೋಡಿ 320 ಇದೆ ಎಂದರು. ನಂಬಿ ಇನ್ಸುಲಿನ್ ಶುರು ಮಾಡಬಹುದೇ?

ಆ ಒಂದು ಅಂಕಿಯನ್ನೇ ನಂಬಿ ಬೇಡ. ಬುಟ್ಟಿಯಲ್ಲಿ ತುಂಬಿಸಿ, ಆಟೋದಲ್ಲಿ ಕುಲುಕಾಡಿಸಿ, ನಾಯಿ ಬೊಗಳುವ ಜಾಗದಲ್ಲಿ ಮೇಜಿನ ಮೇಲೆ ಒತ್ತಿ ಹಿಡಿದರೆ ಆರೋಗ್ಯವಾಗಿರುವ ಬೆಕ್ಕಿನ ಸಕ್ಕರೆಯೂ ಗಾಬರಿಗೆ 300 ದಾಟಬಹುದು. ಅದಕ್ಕೇ ವೈದ್ಯರು ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುತ್ತಾರೆ, ಫ್ರಕ್ಟೋಸಮೈನ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರದಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಎಂಬುದು ಅದರಲ್ಲಿ ತಿಳಿಯುತ್ತದೆ, ಗಾಬರಿ ಅದನ್ನು ಏರಿಸುವುದಿಲ್ಲ. ಈ ಎರಡೂ ಆಗಿಲ್ಲದಿದ್ದರೆ ಸಂಕೋಚಪಡದೆ ಕೇಳಿ.

ನಿಮ್ಮೂರಿನ ವೈದ್ಯರು ಹೆಚ್ಚಾಗಿ ದನಕರು ನೋಡುವವರಾಗಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ಹೋಗಿಬನ್ನಿ. ಬೆಂಗಳೂರಿನ ಹೆಬ್ಬಾಳವಲ್ಲದೆ ಶಿವಮೊಗ್ಗ, ಹಾಸನ, ಬೀದರ್, ಗದಗ, ಅಥಣಿಯಲ್ಲೂ ಕಾಲೇಜುಗಳಿವೆ.

ಸೂಜಿಯ ಬದಲು ಮಾತ್ರೆ ಸಾಕಾಗುವುದಿಲ್ಲವೇ?

ಮನೆಯಲ್ಲಿ ಅಪ್ಪ ಅಮ್ಮನಿಗೆ ತಂದಿಟ್ಟ ಮೆಟ್ಫಾರ್ಮಿನ್, ಗ್ಲಿಮಿಪಿರೈಡ್, ಡಪಾಗ್ಲಿಫ್ಲೋಜಿನ್ ಯಾವುದನ್ನೂ ಬೆಕ್ಕಿಗೆ ಕೊಡಬೇಡಿ. ಬೆಕ್ಕಿಗೆಂದೇ ತಯಾರಾದ ಬಾಯಿ ಔಷಧಿಗಳು ಇವೆ, ನಿಜ. ಅಮೆರಿಕದಲ್ಲಿ ಬೆಕ್ಸಾಗ್ಲಿಫ್ಲೋಜಿನ್‌ಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅಲ್ಲಿನ ಒಪ್ಪಿಗೆ ಇರುವುದು ಹಿಂದೆ ಇನ್ಸುಲಿನ್ ಪಡೆಯದ, ಮಿಕ್ಕಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಮೀಟರ್‌ನಲ್ಲಿ ಸಕ್ಕರೆ ಚೆನ್ನಾಗಿ ಕಾಣುತ್ತಿರುವಾಗಲೇ ರಕ್ತ ಆಮ್ಲೀಯವಾಗಿ ಬೆಕ್ಕು ಸಾಯುವ ಅಪಾಯ ಆ ಔಷಧಿಗಳಲ್ಲಿದೆ. ಸೂಜಿಗೆ ಹೆದರಿ ಮಾತ್ರೆ ಹುಡುಕಬೇಡಿ. ಇನ್ಸುಲಿನ್ ಸೂಜಿ ಕೂದಲೆಳೆಯಷ್ಟು ಸಣ್ಣದು. ಎಷ್ಟೋ ಬೆಕ್ಕುಗಳು ತಟ್ಟೆಯಿಂದ ತಲೆಯೆತ್ತುವುದೂ ಇಲ್ಲ.

ಯಾವ ಇನ್ಸುಲಿನ್ ಕೊಡುತ್ತಾರೆ?

ನಮ್ಮಲ್ಲಿ ಹೆಚ್ಚಾಗಿ ಗ್ಲಾರ್ಜಿನ್. ಮನುಷ್ಯರ ಔಷಧಿಯೇ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಲ್ಯಾಂಟಸ್ ಒಂದು ಹೆಸರು, ಬೆಂಗಳೂರಿನ ಬಯೋಕಾನ್ ತಯಾರಿಸುವ ಬೇಸಲಾಗ್ ಇನ್ನೊಂದು. ಇದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಬೆಕ್ಕಿನ ದೇಹ ಇನ್ಸುಲಿನ್ ಅನ್ನು ನಮಗಿಂತ ಬೇಗ ಮುಗಿಸುವುದರಿಂದ 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಬೇಕು. ಹೊರದೇಶಗಳಲ್ಲಿ ಪ್ರಾಣಿಗಳಿಗೆಂದೇ ಇರುವ ಪ್ರೊಜಿಂಕ್, ಕ್ಯಾನಿನ್ಸುಲಿನ್ ಬಳಸುತ್ತಾರೆ. ಅವೆರಡೂ ಮಿಲಿಲೀಟರ್‌ಗೆ 40 ಯೂನಿಟ್ ಶಕ್ತಿಯವು.

ಅಜ್ಜನಿಗೆ ತಂದ 30/70 ಮಿಶ್ರ ಇನ್ಸುಲಿನ್ ಫ್ರಿಜ್‌ನಲ್ಲಿ ಉಳಿದಿದೆ ಎಂದು ಅದನ್ನು ಬಳಸುವುದು ಖಂಡಿತ ಬೇಡ. ಅದರ ವೇಗವೇ ಬೇರೆ.

ಯು-40, ಯು-100 ಎಂದರೆ ಏನು? ಸಿರಿಂಜ್ ಯಾವುದಾದರೂ ಆಗುವುದಿಲ್ಲವೇ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಯು-40 ಎಂದರೆ ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್, ಯು-100 ಎಂದರೆ 100 ಯೂನಿಟ್. ಭಾರತದಲ್ಲಿ ಎರಡೂ ಶಕ್ತಿಯ ಇನ್ಸುಲಿನ್ ಒಂದೇ ಅಂಗಡಿಯ ಒಂದೇ ಫ್ರಿಜ್‌ನಲ್ಲಿ ಇರುತ್ತವೆ, ಎರಡೂ ಬಗೆಯ ಸಿರಿಂಜ್ ಒಂದೇ ಡಬ್ಬದಲ್ಲಿ ಇರುತ್ತವೆ. ಮನುಷ್ಯರಿಗೆ ಬಾಟಲಿಯಲ್ಲಿ ಬರುವ ಹಳೆಯ ಇನ್ಸುಲಿನ್‌ಗಳು ಸಾಮಾನ್ಯವಾಗಿ ಯು-40. ಹಾಗಾಗಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಎಂದರೆ ಅಂಗಡಿಯವರು ಅಭ್ಯಾಸಬಲದಿಂದ ಕೆಂಪು ಮುಚ್ಚಳದ್ದನ್ನು, ಅಂದರೆ ಯು-40 ಸಿರಿಂಜನ್ನು, ಕೈಗಿಡುತ್ತಾರೆ. ಗ್ಲಾರ್ಜಿನ್‌ಗೆ ಬೇಕಾದದ್ದು ಕಿತ್ತಳೆ ಮುಚ್ಚಳದ ಯು-100.

ತಪ್ಪಿದರೆ ಏನಾಗುತ್ತದೆ ಎಂಬ ಲೆಕ್ಕ ನೋಡಿ. ಯು-40 ಸಿರಿಂಜ್‌ನಲ್ಲಿ 1 ಎಂಬ ಗೆರೆಯವರೆಗೆ 0.025 ಮಿ.ಲೀ. ಹಿಡಿಯುತ್ತದೆ. ಅದರಲ್ಲಿ ಯು-100 ಗ್ಲಾರ್ಜಿನ್ ಎಳೆದರೆ ಒಳಹೋಗುವುದು 1 ಯೂನಿಟ್ ಅಲ್ಲ, 2.5 ಯೂನಿಟ್. ನಾಲ್ಕು ಕಿಲೋ ತೂಗುವ ಬೆಕ್ಕನ್ನು ಬೀಳಿಸಲು ಅಷ್ಟು ಸಾಕು. ತಿರುವುಮುರುವಾಗಿ ಯು-40 ಇನ್ಸುಲಿನ್ ಅನ್ನು ಯು-100 ಸಿರಿಂಜ್‌ನಲ್ಲಿ ಎಳೆದರೆ 1 ಯೂನಿಟ್ ಬದಲು 0.4 ಹೋಗುತ್ತದೆ. ಆಗ ಡೋಸ್ ಸಾಲುತ್ತಿಲ್ಲ ಎಂದು ವೈದ್ಯರು ಏರಿಸುತ್ತಾ ಹೋಗುತ್ತಾರೆ, ಮುಂದೊಂದು ದಿನ ಸರಿಯಾದ ಸಿರಿಂಜ್ ಕೈಗೆ ಬಂದಾಗ ಬೆಕ್ಕು ಬೀಳುತ್ತದೆ.

ಮುಚ್ಚಳದ ಬಣ್ಣವೊಂದನ್ನೇ ನಂಬಬೇಡಿ. ಸಿರಿಂಜ್ ಮೇಲಿನ ಅಕ್ಷರ ಓದಿ, ಬಾಟಲಿಯ ಮೇಲಿನ ಅಕ್ಷರ ಓದಿ, ಎರಡೂ ಒಂದೇ ಇದ್ದರೆ ಮಾತ್ರ ಎಳೆಯಿರಿ. ಹೊಸ ಪೊಟ್ಟಣ ತಂದಾಗಲೆಲ್ಲ ಹೀಗೆಯೇ ಮಾಡಿ. ಗ್ಲಾರ್ಜಿನ್‌ನಲ್ಲೇ ಟೂಜಿಯೊ ಎಂಬ 300 ಯೂನಿಟ್ ಶಕ್ತಿಯ ಪೆನ್ ಕೂಡ ಇದೆ. ಅದರಿಂದ ಸಿರಿಂಜ್‌ಗೆ ಎಳೆದರೆ ಮೂರು ಪಟ್ಟು ಹೋಗುತ್ತದೆ, ಹಾಗಾಗಿ ಅದರೊಳಕ್ಕೆ ಸಿರಿಂಜ್ ಹಾಕಲೇಬೇಡಿ.

ಎಷ್ಟು ಯೂನಿಟ್‌ನಿಂದ ಶುರು ಮಾಡುತ್ತಾರೆ?

ಸಾಮಾನ್ಯ ಗಾತ್ರದ ಬೆಕ್ಕಿಗೆ ಹೆಚ್ಚಿನ ವೈದ್ಯರು 12 ಗಂಟೆಗೊಮ್ಮೆ 1 ಯೂನಿಟ್‌ನಿಂದ ಆರಂಭಿಸುತ್ತಾರೆ. ಸಣ್ಣ ಬೆಕ್ಕಿಗೆ ಅರ್ಧವೂ ಆಗಬಹುದು. ಇದು ಕಡಿಮೆಯಾಯಿತಲ್ಲ ಎಂದು ಅನ್ನಿಸಬಹುದು, ಅನ್ನಿಸಲಿ. ಕೆಳಗಿನಿಂದ ಮೇಲಕ್ಕೆ ಹೋಗುವುದೇ ಕ್ಷೇಮ. ಗ್ಲಾರ್ಜಿನ್ ಮೈಗೆ ಹಿಡಿಯಲು ಕೆಲವು ದಿನ ತೆಗೆದುಕೊಳ್ಳುವುದರಿಂದ ಮೊದಲ ಎರಡು ಮೂರು ದಿನದ ಅಂಕಿಗಳನ್ನು ನೋಡಿ ‘ಕೆಲಸವೇ ಮಾಡುತ್ತಿಲ್ಲ’ ಎಂದು ತೀರ್ಪು ಕೊಡಬೇಡಿ.

ಒಂದು ಯೂನಿಟ್ ಅಷ್ಟು ಸಣ್ಣದು. ಸರಿಯಾಗಿ ಎಳೆಯುವುದು ಹೇಗೆ?

ಯು-100ರಲ್ಲಿ ಒಂದು ಯೂನಿಟ್ ಎಂದರೆ 0.01 ಮಿ.ಲೀ., ಒಂದು ಹನಿಗಿಂತಲೂ ಕಡಿಮೆ. 1 ಮಿ.ಲೀ. ಸಿರಿಂಜ್‌ಗಳಲ್ಲಿ ಎಷ್ಟೋ ಕಡೆ ಒಂದೊಂದು ಗೆರೆಗೆ 2 ಯೂನಿಟ್ ಇರುತ್ತದೆ. ಅದರಲ್ಲಿ 1 ಯೂನಿಟ್ ಅಳೆಯುವುದು ಬರೀ ಕಣ್ಣಳತೆ. 0.3 ಮಿ.ಲೀ.ಯ, ಅರ್ಧ ಯೂನಿಟ್ ಗೆರೆಗಳಿರುವ ಸಿರಿಂಜ್ ಹುಡುಕಿ. ಹತ್ತಿರದಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಮಕ್ಕಳ ಮಧುಮೇಹ ನೋಡುವ ಆಸ್ಪತ್ರೆಗಳ ಪಕ್ಕದ ಔಷಧ ಅಂಗಡಿಗಳಲ್ಲೂ ಕೇಳಿ ನೋಡಿ.

ಬಾಟಲಿಯನ್ನು ಅಲುಗಾಡಿಸಬೇಡಿ. ಗ್ಲಾರ್ಜಿನ್ ನೀರಿನಷ್ಟೇ ತಿಳಿಯಾಗಿರಬೇಕು. ಮಂಜು ಮಂಜಾಗಿದ್ದರೆ, ಎಳೆ ಎಳೆ ಕಂಡರೆ ಬಿಸಾಡಿ. ಬೆಳಕಿರುವ ಕಿಟಕಿಯ ಬಳಿ ನಿಂತು ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಎಳೆದು, ಗುಳ್ಳೆಯಿದ್ದರೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಮೇಲಕ್ಕೆ ತನ್ನಿ, ಆಮೇಲೆ ಕಪ್ಪು ರಬ್ಬರಿನ ಮೇಲಂಚು ಗೆರೆಗೆ ತಾಗುವವರೆಗೆ ಹಿಂದಕ್ಕೆ ತಳ್ಳಿ. ಮೇಲಂಚು ಎಂದರೆ ಸೂಜಿಯ ಕಡೆಗಿರುವ ಅಂಚು. ನೀರು ಬೆರೆಸಿ ಅಳತೆ ಸುಲಭ ಮಾಡಿಕೊಳ್ಳುವ ಯೋಚನೆ ಬೇಡ, ಗ್ಲಾರ್ಜಿನ್ ಬೆರಕೆಯಾದರೆ ಅದರ ನಿಧಾನಗುಣವೇ ಹಾಳಾಗುತ್ತದೆ.

ಎಲ್ಲಿ ಚುಚ್ಚಬೇಕು?

ಕತ್ತಿನ ಹಿಂದಿನ ಸಡಿಲ ಚರ್ಮಕ್ಕಿಂತ ಪಕ್ಕೆ, ಹೊಟ್ಟೆಯ ಪಕ್ಕದ ಭಾಗ ಒಳ್ಳೆಯದು, ಅಲ್ಲಿಂದ ಔಷಧಿ ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆಳಗ್ಗೆ ಎಡಗಡೆ, ಸಂಜೆ ಬಲಗಡೆ ಎಂದಿಟ್ಟುಕೊಂಡರೆ ಒಂದೇ ಜಾಗ ಗಟ್ಟಿಯಾಗುವುದಿಲ್ಲ. ಎರಡು ಬೆರಳಲ್ಲಿ ಚರ್ಮವನ್ನು ಗುಡಾರದಂತೆ ಎತ್ತಿ, ಬುಡದಲ್ಲಿ ಸೂಜಿ ತೂರಿಸಿ, ತಳ್ಳಿ, ತೆಗೆಯಿರಿ. ಸ್ಪಿರಿಟ್ ಹಚ್ಚುವ ಅಗತ್ಯವಿಲ್ಲ, ಆ ವಾಸನೆಗೇ ಬೆಕ್ಕು ಓಡುತ್ತದೆ.

ಚುಚ್ಚಿದ ಮೇಲೆ ಕೂದಲು ಒದ್ದೆಯಾಗಿತ್ತು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ. ಇನ್ನೊಂದು ಸಲ ಕೊಡಲೇ?

ಬೇಡ. ಒಂದು ಹನಿಯೂ ಹೋಗಿಲ್ಲ ಎಂದು ಅನ್ನಿಸಿದರೂ ಬೇಡ. ಒಂದು ಹೊತ್ತಿನ ಡೋಸ್ ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ, ಅಷ್ಟೇ. ಎರಡು ಸಲ ಬಿದ್ದರೆ ರಾತ್ರಿಯೆಲ್ಲ ಆಸ್ಪತ್ರೆ.

ಗಂಡ ಒಮ್ಮೆ, ಹೆಂಡತಿ ಒಮ್ಮೆ, ಇಬ್ಬರೂ ಕೊಟ್ಟುಬಿಟ್ಟರೆ?

ತಕ್ಷಣ ವೈದ್ಯರಿಗೆ ಫೋನ್ ಮಾಡಿ, ಬೆಕ್ಕಿಗೆ ಊಟ ಕೊಡಿ, ಮೀಟರ್ ಇದ್ದರೆ ಗಂಟೆಗೊಮ್ಮೆ ನೋಡುತ್ತಿರಿ, ಒಂಟಿಯಾಗಿ ಬಿಡಬೇಡಿ. ಇದಾಗದಂತೆ ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ನೇತುಹಾಕಿ. ಕೊಟ್ಟವರು ಕೊಟ್ಟ ಕ್ಷಣವೇ ಗುರುತು ಹಾಕಲಿ. ಗುರುತಿಲ್ಲ, ನೆನಪೂ ಇಲ್ಲ ಎಂದಾದರೆ ಆ ಹೊತ್ತಿನದನ್ನು ಬಿಟ್ಟುಬಿಡಿ.

ಕೊಡುವ ಹೊತ್ತು ತಪ್ಪಿದರೆ?

ಒಂದು ಗಂಟೆ ಆಚೀಚೆಯಾದರೆ ತೊಂದರೆಯಿಲ್ಲ. ಮೂರ್ನಾಲ್ಕು ಗಂಟೆ ಕಳೆದಿದ್ದರೆ ಅದನ್ನು ಬಿಟ್ಟು ಮುಂದಿನದನ್ನು ಹೊತ್ತಿಗೆ ಸರಿಯಾಗಿ, ಎಂದಿನಷ್ಟೇ ಕೊಡಿ. ತಪ್ಪಿಹೋದದ್ದನ್ನು ಸೇರಿಸಿ ಕೊಡಬಾರದು.

ಬೆಳಗ್ಗೆ ಊಟವನ್ನೇ ಮುಟ್ಟಲಿಲ್ಲ. ಇನ್ಸುಲಿನ್ ಕೊಡಬೇಕೇ?

ಮೊದಲು ಊಟ, ಆಮೇಲೆ ಸೂಜಿ ಎಂಬ ಕ್ರಮ ಇಟ್ಟುಕೊಂಡರೆ ಈ ಪ್ರಶ್ನೆಗೆ ಸಮಯ ಸಿಗುತ್ತದೆ. ಏನನ್ನೂ ತಿನ್ನದಿದ್ದರೆ, ವಾಂತಿ ಮಾಡಿದ್ದರೆ, ಸೂಜಿ ಪಕ್ಕಕ್ಕಿಟ್ಟು ಫೋನ್ ಮಾಡಿ. ಅರ್ಧಂಬರ್ಧ ತಿಂದರೆ ಕೆಲವು ವೈದ್ಯರು ಅರ್ಧ ಡೋಸ್ ಕೊಡಲು ಹೇಳುತ್ತಾರೆ. ನಿಮ್ಮ ವೈದ್ಯರ ನಿಯಮ ಯಾವುದೆಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಹೊತ್ತು ಬಿಟ್ಟದ್ದು ದೊಡ್ಡ ವಿಷಯವಲ್ಲ. ಇಡೀ ದಿನ ತಿನ್ನದಿದ್ದರೆ ದೊಡ್ಡ ವಿಷಯ: ಬೆಕ್ಕು ಉಪವಾಸವಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿಕೊಳ್ಳುತ್ತದೆ, ಅದರಲ್ಲೂ ಮೈ ಬಂದ ಬೆಕ್ಕಿಗೆ.

ಮನೆಯಲ್ಲೇ ರಕ್ತ ಪರೀಕ್ಷೆ ಮಾಡಲು ನಿಜಕ್ಕೂ ಆಗುತ್ತದೆಯೇ?

ಆಗುತ್ತದೆ, ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಇನ್ಸುಲಿನ್ ಕೊಡುತ್ತಾ ಸಕ್ಕರೆ ನೋಡದೆ ಇರುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಘಾಟಿ ಇಳಿದಂತೆ.

ರಕ್ತ ತೆಗೆಯುವುದು ಕಿವಿಯ ಅಂಚಿನಿಂದ. ಮೊಬೈಲ್ ಟಾರ್ಚನ್ನು ಕಿವಿಯ ಹಿಂದೆ ಹಿಡಿದರೆ ಅಂಚಿಗೆ ಸಮಾನಾಂತರವಾಗಿ ಓಡುವ ರಕ್ತನಾಳ ಕಾಣುತ್ತದೆ. ಚುಚ್ಚಬೇಕಾದದ್ದು ಆ ನಾಳಕ್ಕೂ ಅಂಚಿಗೂ ನಡುವಿನ ಕಿರುಜಾಗಕ್ಕೆ. ಹಳೆಯ ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಗಂಟು ಕಟ್ಟಿ, ಬಾಣಲೆಯಲ್ಲೋ ಮೈಕ್ರೋವೇವ್‌ನಲ್ಲೋ ಬೆಚ್ಚಗೆ ಮಾಡಿ, ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ತಾಗಿಸಿ ಬಿಸಿ ನೋಡಿ, ಆಮೇಲೆ ಅರ್ಧ ನಿಮಿಷ ಕಿವಿಗೆ ಒತ್ತಿ ಹಿಡಿಯಿರಿ. ಕಿವಿ ಬೆಚ್ಚಗಾದರೆ ರಕ್ತ ತಾನಾಗಿ ಬರುತ್ತದೆ. ಹಿಂದೆ ಮಡಿಸಿದ ಹತ್ತಿ ಇಟ್ಟುಕೊಂಡರೆ ನಿಮ್ಮ ಬೆರಳಿಗೆ ಚುಚ್ಚುವುದಿಲ್ಲ. ಸಾಸಿವೆಕಾಳಿನಷ್ಟು ರಕ್ತ ಮೂಡಿದರೆ ಸಾಕು, ಮೀಟರಿನ ಪಟ್ಟಿ ತಾಗಿಸಿ, ಚುಚ್ಚಿದ ಜಾಗವನ್ನು ಕೆಲವು ಸೆಕೆಂಡ್ ಒತ್ತಿ. ಕೊನೆಗೆ ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಒಂದು ಚೂರು. ರಕ್ತ ಬರದಿದ್ದರೂ ಆ ಚೂರು ಕೊಡಿ. ನಮ್ಮ ಮನೆಯ ಗಂಡು ಬೆಕ್ಕು ಮೀಟರಿನ ‘ಬೀಪ್’ ಕೇಳಿದರೆ ಈಗ ತಾನೇ ಬಂದು ಕೂರುತ್ತಾನೆ.

ಅಮ್ಮನ ಗ್ಲುಕೋಮೀಟರ್ ಬಳಸಬಹುದೇ?

ಬಳಸಬಹುದು. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಹಂಚಿಕೆ ನಮ್ಮದಕ್ಕಿಂತ ಬೇರೆಯಾದ್ದರಿಂದ ಮನುಷ್ಯರ ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಲ್ಫಾಟ್ರ್ಯಾಕ್‌ನಂತಹ ಪ್ರಾಣಿಗಳ ಮೀಟರ್ ಹೆಚ್ಚು ನಿಖರ, ಪಟ್ಟಿಗಳು ಮಾತ್ರ ದುಬಾರಿ. ಯಾವುದನ್ನು ಬಳಸುತ್ತೀರೋ ಅದನ್ನೇ ಬಳಸುತ್ತಾ ಹೋಗಿ, ಯಾವ ಮೀಟರ್ ಎಂದು ವೈದ್ಯರಿಗೆ ಹೇಳಿ. ಕಡಿಮೆ ಅಂಕಿ ಕಂಡಾಗ ‘ಮೀಟರ್ ಹೇಗೂ ಕಡಿಮೆ ತೋರಿಸುತ್ತದಲ್ಲ’ ಎಂದು ಸುಮ್ಮನಿರಬೇಡಿ.

ಸಕ್ಕರೆಯನ್ನು ಸದಾ ಅಳೆಯಲು ತೋಳಿಗೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರನ್ನು ಬೆಕ್ಕಿನ ಕೂದಲು ಬೋಳಿಸಿ ಹಚ್ಚುವ ವೈದ್ಯರೂ ಇದ್ದಾರೆ. 14 ದಿನ ಇರಬೇಕಾದ್ದು ಬೆಕ್ಕಿನ ಮೈಮೇಲೆ ಎಷ್ಟೋ ಸಲ ಅದಕ್ಕಿಂತ ಮೊದಲೇ ಕಿತ್ತುಬರುತ್ತದೆ. ಇದ್ದಷ್ಟು ದಿನ ಹಗಲು ರಾತ್ರಿಯ ಪೂರ್ತಿ ಚಿತ್ರ ಸಿಗುತ್ತದೆ, ಖರ್ಚಿಗೆ ತಕ್ಕ ಬೆಲೆಯಿದೆ. ಅದು ತೀರಾ ಕಡಿಮೆ ತೋರಿಸಿದರೆ ಕಿವಿಯ ರಕ್ತದಿಂದ ಖಚಿತಪಡಿಸಿಕೊಳ್ಳಿ.

ಅಂಕಿ ಎಷ್ಟಿರಬೇಕು? ಯಾವಾಗ ಡೋಸ್ ಏರಿಸಬೇಕು?

ಇಲ್ಲಿರುವ ಅಂಕಿಗಳೆಲ್ಲ ನಮ್ಮ ಮೀಟರ್‌ಗಳಲ್ಲಿ ಬರುವ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ. ದಿನದ ಬಹುಪಾಲು 80ರಿಂದ 300ರ ನಡುವೆ ಇದ್ದು, ಬೆಕ್ಕು ಕಡಿಮೆ ನೀರು ಕುಡಿಯುತ್ತಾ, ತೂಕ ನಿಲ್ಲಿಸಿಕೊಂಡು, ಮೈ ನೆಕ್ಕಿಕೊಂಡು ಲವಲವಿಕೆಯಿಂದಿದ್ದರೆ ಚೆನ್ನಾಗಿದೆ ಎಂದರ್ಥ. ರಕ್ತದಲ್ಲಿ ಸುಮಾರು 250ರಿಂದ 300 ದಾಟಿದಾಗ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಬಾಯಾರಿಕೆ ಶುರುವಾಗುವುದೂ ಅಲ್ಲಿಂದಲೇ. ನಮ್ಮ ಹಾಗೆ ‘ಊಟಕ್ಕೆ ಮುಂಚೆ 100’ ಎಂಬ ಗುರಿಯನ್ನು ಬೆಕ್ಕಿನ ಮೇಲೆ ಹೇರಬೇಡಿ.

ಡೋಸ್ ಬದಲಾವಣೆಗೆ ಬೇಕಾದದ್ದು ಒಂದು ಅಂಕಿಯಲ್ಲ, ಒಂದು ದಿನದ ಏರಿಳಿತ. ಸೂಜಿಗೆ ಮುಂಚೆ ಒಮ್ಮೆ, ಆಮೇಲೆ 12 ಗಂಟೆಯವರೆಗೆ ಎರಡು ಮೂರು ಗಂಟೆಗೊಮ್ಮೆ ನೋಡಿ ಬರೆಯುವುದು. ಅದರಲ್ಲಿ ಅತಿ ಕೆಳಗಿನ ಅಂಕಿಯೇ ಮುಖ್ಯ. ಬೆಳಗ್ಗೆ 380 ಇದ್ದು ಮಧ್ಯಾಹ್ನ 90ಕ್ಕೆ ಇಳಿಯುತ್ತಿದ್ದರೆ, ಬೆಳಗಿನ 380 ನೋಡಿ ಏರಿಸುವುದು ಅಪಾಯ. ಎಲ್ಲ ಹೊತ್ತೂ 300ರ ಮೇಲೇ ಇದ್ದರೆ ವೈದ್ಯರು ಅರ್ಧ ಯೂನಿಟ್, ಹೆಚ್ಚೆಂದರೆ ಒಂದು ಯೂನಿಟ್ ಏರಿಸುತ್ತಾರೆ, ಆಮೇಲೆ ಐದರಿಂದ ಏಳು ದಿನ ಕಾಯುತ್ತಾರೆ. 80ಕ್ಕಿಂತ ಕೆಳಗೆ ಇಳಿದರೆ ಡೋಸ್ ತಗ್ಗಬೇಕು, ಅದಕ್ಕೆ ಕಾಯುವಂತಿಲ್ಲ.

ಮೊದಲ ತಿಂಗಳುಗಳಲ್ಲಿ ಸೂಜಿಗೆ ಮುಂಚಿನ ಅಂಕಿ 200ಕ್ಕಿಂತ ಕಡಿಮೆ ಬಂದರೆ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಮೂತ್ರದ ಸಕ್ಕರೆ ತೋರಿಸುವ ಪಟ್ಟಿಯೊಂದನ್ನೇ ನೋಡಿ ಡೋಸ್ ಏರಿಸಬೇಡಿ. ಗಂಟೆಗಳ ಹಿಂದೆ ಏನಾಗಿತ್ತು ಎಂದಷ್ಟೇ ಅದು ಹೇಳುತ್ತದೆ.

ಸಕ್ಕರೆ ತೀರಾ ಇಳಿದಿದೆ ಎಂದು ಗೊತ್ತಾಗುವುದು ಹೇಗೆ? ಏನು ಮಾಡಬೇಕು?

ಇದ್ದಕ್ಕಿದ್ದಂತೆ ವಿಪರೀತ ಹಸಿವು, ತೂರಾಡುವ ನಡಿಗೆ, ನಡುಕ, ಗೋಡೆ ನೋಡುತ್ತಾ ಕೂರುವುದು, ಕರೆದರೆ ಓಗೊಡದಿರುವುದು, ವಿಚಿತ್ರವಾಗಿ ಕೂಗುವುದು. ಮುಂದಕ್ಕೆ ಹೋದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಕೆಲವು ಬೆಕ್ಕುಗಳು ಏನೂ ತೋರಿಸದೆ ಮೂಲೆ ಸೇರಿ ಮಲಗಿಬಿಡುತ್ತವೆ.

ಮೀಟರ್ 70ಕ್ಕಿಂತ ಕಡಿಮೆ ತೋರಿಸಿ, ಬೆಕ್ಕು ಚೆನ್ನಾಗಿಯೇ ಇದ್ದರೆ ಕೂಡಲೇ ಊಟ ಕೊಡಿ, ವೈದ್ಯರಿಗೆ ತಿಳಿಸಿ, 15ರಿಂದ 20 ನಿಮಿಷಕ್ಕೆ ಮತ್ತೆ ನೋಡಿ. ಲಕ್ಷಣಗಳು ಕಂಡರೆ ಮೀಟರ್ ಹುಡುಕುತ್ತಾ ಸಮಯ ಕಳೆಯಬೇಡಿ. ಜೇನುತುಪ್ಪವನ್ನೋ, ಗ್ಲುಕೋಸ್ ಪುಡಿಗೆ ಒಂದೆರಡು ಹನಿ ನೀರು ಹಾಕಿ ಕಲಸಿದ್ದನ್ನೋ ಬೆರಳಲ್ಲಿ ತೆಗೆದು ಒಸಡಿಗೆ, ಕೆನ್ನೆಯ ಒಳಭಾಗಕ್ಕೆ ಸವರಿ. ಏನೂ ಇಲ್ಲದಿದ್ದರೆ ಗಟ್ಟಿ ಸಕ್ಕರೆ ನೀರು. ಫಿಟ್ಸ್ ಬರುತ್ತಿರುವಾಗ ಬಾಯಿಗೆ ನೀರು ಸುರಿಯಬೇಡಿ, ಹಲ್ಲುಗಳ ನಡುವೆ ಬೆರಳು ಹಾಕಬೇಡಿ. ತುಟಿಯ ಅಂಚಿಗೆ ಸವರಿದರೂ ಆಗುತ್ತದೆ. ಡಯಟ್ ಸಿಹಿಕಾರಕಗಳಿಂದ ಉಪಯೋಗವಿಲ್ಲ, ಸಕ್ಕರೆಯೇ ಬೇಕು. ಸವರುತ್ತಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಚೇತರಿಸಿಕೊಂಡರೂ ವಾಪಸ್ ಬರಬೇಡಿ, ಜೇನಿನ ಪರಿಣಾಮ ಬೇಗ ಮುಗಿಯುತ್ತದೆ, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ.

ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು ಎಂಬುದನ್ನು ಇವತ್ತೇ ವಿಚಾರಿಸಿ, ನಂಬರ್ ಗೋಡೆಗೆ ಅಂಟಿಸಿ. ಜೇನಿನ ಬಾಟಲಿ ಇನ್ಸುಲಿನ್ ಕೊಡುವ ಜಾಗದಲ್ಲೇ ಇರಲಿ.

ಸಕ್ಕರೆ ಹೆಚ್ಚಾಗಿಯೂ ತುರ್ತು ಪರಿಸ್ಥಿತಿ ಬರುತ್ತದೆಯೇ?

ಬರುತ್ತದೆ. ಊಟ ಬಿಟ್ಟು, ವಾಂತಿ ಮಾಡುತ್ತಾ, ಕಣ್ಣು ಒಳಗೆ ಹೋಗಿ, ಮಂಕಾಗಿ ಬಿದ್ದಿದ್ದರೆ, ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ ಇದ್ದರೆ ಅದು ಕೀಟೋಅಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಸ್ಥಿತಿ, ಇರಬಹುದು. ಮನೆಯಲ್ಲಿ ಹೆಚ್ಚುವರಿ ಇನ್ಸುಲಿನ್ ಕೊಟ್ಟು ಸರಿಪಡಿಸುವಂಥದ್ದಲ್ಲ. ಡ್ರಿಪ್ ಬೇಕು, ರಕ್ತದ ಪೊಟ್ಯಾಸಿಯಂ ನೋಡಬೇಕು, ದಾಖಲು ಮಾಡಲೇಬೇಕು.

ನಮ್ಮದು ಸಸ್ಯಾಹಾರಿ ಮನೆ. ಹಾಲು ಅನ್ನ, ಮೊಸರನ್ನ ಹಾಕುತ್ತೇವೆ. ಮುಂದುವರಿಸಬಹುದೇ?

ಇಲ್ಲ. ಮನೆಯ ಆಚಾರಕ್ಕೆ ನನ್ನ ಗೌರವವಿದೆ, ಆದರೆ ಬೆಕ್ಕಿನ ದೇಹ ಮಾಂಸಕ್ಕೆಂದೇ ಆಗಿರುವುದು. ಅನ್ನದ ಪಿಷ್ಟವೆಲ್ಲ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಒಂದು ಕೈಯಲ್ಲಿ ಮೊಸರನ್ನ, ಇನ್ನೊಂದು ಕೈಯಲ್ಲಿ ಇನ್ಸುಲಿನ್ ಹಿಡಿದರೆ ಎರಡೂ ಏರುತ್ತಲೇ ಹೋಗುತ್ತವೆ. ಜೊತೆಗೆ ಟಾರಿನ್ ಎಂಬ ಪೋಷಕಾಂಶ ಅನ್ನ ಹಾಲಿನಲ್ಲಿ ಸಾಲದು, ಅದಿಲ್ಲದೆ ಬೆಕ್ಕಿನ ಹೃದಯ, ಕಣ್ಣು ಎರಡೂ ಕೆಡುತ್ತವೆ. ಅಡುಗೆಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಪೌಚ್‌ಗಳಲ್ಲಿ, ಡಬ್ಬಿಗಳಲ್ಲಿ ಬರುವ ಒದ್ದೆ ಆಹಾರ ತನ್ನಿ. ಬೆಕ್ಕಿಗೆ ಪೂರ್ಣ ಆಹಾರ ಎಂದು ಬರೆದಿರಬೇಕು, ಪ್ರೋಟೀನ್ ಹೆಚ್ಚು, ಪಿಷ್ಟ ಕಡಿಮೆ ಇರಬೇಕು. ಗ್ರೇವಿಯದಕ್ಕಿಂತ ಮುದ್ದೆಯಂತಿರುವುದರಲ್ಲಿ ಸಾಮಾನ್ಯವಾಗಿ ಪಿಷ್ಟ ಕಡಿಮೆ. ಒಣ ಕಾಳುಗಳು ಗಟ್ಟಿಯಾಗಿ ನಿಲ್ಲುವುದೇ ಪಿಷ್ಟದಿಂದ.

ಮಾಂಸಾಹಾರಿಗಳು ತಮ್ಮ ಸಾರಿನ ತುಂಡನ್ನು ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಕಿಡ್ನಿ ತೊಂದರೆಯೂ ಇರುವ ಬೆಕ್ಕಿಗೆ ಆಹಾರವನ್ನು ವೈದ್ಯರೇ ಹೇಳಬೇಕು.

ಒಂದು ಎಚ್ಚರಿಕೆ: ಆಹಾರ ಬದಲಿಸುವ ಮುನ್ನ ವೈದ್ಯರಿಗೆ ಹೇಳಿ, ಬದಲಿಸುವ ದಿನಗಳಲ್ಲಿ ದಿನವೂ ರಕ್ತ ನೋಡಿ. ಪಿಷ್ಟ ನಿಂತ ಕೆಲವೇ ದಿನಗಳಲ್ಲಿ ಇನ್ಸುಲಿನ್ ಅಗತ್ಯ ಧೊಪ್ಪೆಂದು ಇಳಿಯಬಹುದು, ನಿನ್ನೆಯವರೆಗೆ ಸರಿಯಿದ್ದ ಡೋಸ್ ಇವತ್ತು ಹೆಚ್ಚಾಗಬಹುದು.

ಹಾಗಲಕಾಯಿ ರಸ, ಮೆಂತ್ಯ, ಹಿತ್ತಲಿನ ಇನ್ಸುಲಿನ್ ಗಿಡದ ಎಲೆ?

ಬೇಡ. ಬೆಕ್ಕಿನ ಯಕೃತ್ತು ಗಿಡಮೂಲಿಕೆಗಳನ್ನು ನಮ್ಮಂತೆ ಅರಗಿಸುವುದಿಲ್ಲ. ಕಹಿ ಕುಡಿಸಿ ಊಟ ಬಿಡಿಸಿದರೆ ಇನ್ಸುಲಿನ್ ಕೊಡುವುದೇ ಕಷ್ಟವಾಗುತ್ತದೆ.

ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತದೆಯೇ?

ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಾಗಿಲಿನಲ್ಲಿ ಅಲುಗಾಟ ಹೆಚ್ಚು, ಹಿಂಗೋಡೆಗೆ ತಾಗಿದರೆ ಹೆಪ್ಪುಗಟ್ಟುವ ಭಯ. ಮಧ್ಯದ ಹಲಗೆಯಲ್ಲಿ ಒಂದು ಡಬ್ಬಿಯೊಳಗೆ ಇಡಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಕೆಲವು ಗಂಟೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಬಿಟ್ಟರೆ ಸಾಕು. ಮಲೆನಾಡಿನ ಮಳೆಗಾಲದಂತೆ ದಿನಗಟ್ಟಲೆ ಹೋದರೆ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ಕೆಟ್ಟರೆ, ಮಣ್ಣಿನ ಮಡಕೆ ಕೈಹಿಡಿಯುತ್ತದೆ. ದೊಡ್ಡ ಮಡಕೆಯೊಳಗೆ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ, ಮೇಲೆ ಒದ್ದೆ ಬಟ್ಟೆ. ಹೊರಗಿನ ಸೆಖೆಗಿಂತ ಎಷ್ಟೋ ಡಿಗ್ರಿ ಕಡಿಮೆ ಇರುತ್ತದೆ.

ತೆರೆದ ಬಾಟಲಿಗೆ ಕಂಪನಿ ಹೇಳುವ ಅವಧಿ 28 ದಿನ. ಫ್ರಿಜ್‌ನಲ್ಲೇ ಇದ್ದು ತಿಳಿಯಾಗಿರುವುದನ್ನು ಅದಕ್ಕಿಂತ ಹೆಚ್ಚು ದಿನ ಬಳಸಲು ಕೆಲವು ಬೆಕ್ಕಿನ ವೈದ್ಯರು ಒಪ್ಪುತ್ತಾರೆ. ನಿಮ್ಮವರನ್ನು ಕೇಳಿ. ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆಯಿರಿ.

ಡೋಸ್ ಏರುತ್ತಲೇ ಇದೆ, ಸಕ್ಕರೆ ಇಳಿಯುತ್ತಿಲ್ಲ. ಯಾಕೆ?

ಮೊದಲು ಸರಳ ಕಾರಣಗಳನ್ನು ನೋಡಿ. ಸಿರಿಂಜ್ ಸರಿಯಿದೆಯೇ, ಇನ್ಸುಲಿನ್ ಬಿಸಿಲಿಗೆ ಕೆಟ್ಟಿದೆಯೇ, ಪಕ್ಕದ ಮನೆಯವರು ಹಾಲನ್ನ ಹಾಕುತ್ತಿದ್ದಾರೆಯೇ. ಆಮೇಲೆ ಹಲ್ಲು ಮತ್ತು ಒಸಡಿನ ಸೋಂಕು, ಮೂತ್ರದ ಸೋಂಕು, ಮೇದೋಜೀರಕದ ಉರಿಯೂತ. ಬಾಯಿ ಸ್ವಚ್ಛ ಮಾಡಿಸಿದ ಮೇಲೆ ಡೋಸ್ ಇಳಿದ ಬೆಕ್ಕುಗಳು ಬಹಳ. ಒಂದು ಹೊತ್ತಿಗೆ 6 ಯೂನಿಟ್ ದಾಟಿಯೂ ಬಗ್ಗದಿದ್ದರೆ ಬೆಳವಣಿಗೆ ಹಾರ್ಮೋನ್ ಅತಿಯಾಗುವ ಅಕ್ರೋಮೆಗಲಿ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯಿದ್ದೂ ತೂಕ ಏರುತ್ತಿರುವ, ಮುಖ, ಪಾದ ಅಗಲವಾಗುತ್ತಿರುವ ಬೆಕ್ಕಿನಲ್ಲಿ ಅನುಮಾನ ಹೆಚ್ಚು.

ಮದುವೆಗೆಂದು ಎರಡು ದಿನ ಊರಿಗೆ ಹೋಗಬೇಕು. ಏನು ಮಾಡುವುದು?

ಪಕ್ಕದ ಮನೆಯವರಿಗೆ ಒಂದು ವಾರ ಮೊದಲೇ ನಿಮ್ಮೆದುರು ಕೊಡಿಸಿ ರೂಢಿ ಮಾಡಿಸಿ. ಒಂದೇ ಹಾಳೆಯಲ್ಲಿ ಡೋಸ್, ಹೊತ್ತು, ಜೇನು ಇರುವ ಜಾಗ, ವೈದ್ಯರ ನಂಬರ್ ಬರೆಯಿರಿ. ‘ತಿನ್ನದಿದ್ದರೆ ಕೊಡಬೇಡಿ, ಅನುಮಾನವಿದ್ದರೆ ಕೊಡಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಬಳಸಿದ ಸೂಜಿಗಳನ್ನು ಎಲ್ಲಿ ಹಾಕಬೇಕು?

ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ, ತುಂಬಿದ ಮೇಲೆ ಕ್ಲಿನಿಕ್‌ಗೆ ಕೊಡಿ. ಮನೆ ಕಸಕ್ಕೆ ಬಿಡಿಯಾಗಿ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಇದು ಜೀವನಪೂರ್ತಿ ಕೊಡಬೇಕಾದದ್ದೇ?

ಎಲ್ಲ ಬೆಕ್ಕಿಗೂ ಅಲ್ಲ, ಇದೇ ಬೆಕ್ಕಿನ ಶುಗರ್‌ನ ವಿಶೇಷ. ಬೇಗ ಚಿಕಿತ್ಸೆ ಶುರುವಾಗಿ, ಪಿಷ್ಟವಿಲ್ಲದ ಆಹಾರ ಸಿಕ್ಕರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು ಇನ್ಸುಲಿನ್ ನಿಲ್ಲಿಸುವ ಮಟ್ಟಕ್ಕೆ ಬರುವ ಬೆಕ್ಕುಗಳಿವೆ. ಕಿರ್ಸ್ಟನ್ ರೂಂಪ್ ಮತ್ತು ಜಾಕಿ ರ್‍ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಲೀಕರು ಮನೆಯಲ್ಲೇ ರಕ್ತ ನೋಡುತ್ತಾ ಗ್ಲಾರ್ಜಿನ್ ಕೊಟ್ಟ 55 ಬೆಕ್ಕುಗಳಿದ್ದವು. ಅವುಗಳಲ್ಲಿ 64 ಶೇಕಡಾ ಇನ್ಸುಲಿನ್ ಬಿಡುವಂತಾದವು, ರೋಗ ಗೊತ್ತಾದ ಆರು ತಿಂಗಳೊಳಗೆ ಈ ಕ್ರಮಕ್ಕೆ ಬಂದವುಗಳಲ್ಲಿ 84 ಶೇಕಡಾ. ಎಲ್ಲ ಕಡೆ ಇಷ್ಟು ಒಳ್ಳೆಯ ಫಲ ಬಂದಿಲ್ಲ, ಆದರೂ ಮೊದಲ ತಿಂಗಳುಗಳಲ್ಲಿ ಪಡುವ ಶ್ರಮ ಯಾಕೆ ಅಷ್ಟು ಬೆಲೆಯುಳ್ಳದ್ದು ಎಂಬುದು ಇದರಿಂದ ತಿಳಿಯುತ್ತದೆ.

ಸೂಚನೆ ಸಿಗುವುದು ಹೀಗೆ: ಅದೇ ಡೋಸ್‌ನಲ್ಲಿ ಅಂಕಿಗಳು ವಾರದಿಂದ ವಾರಕ್ಕೆ ಇಳಿಯುತ್ತವೆ, ಸೂಜಿಗೆ ಮುಂಚೆಯೇ 150ರ ಆಸುಪಾಸು ಬರತೊಡಗುತ್ತದೆ. ಆಗ ವೈದ್ಯರು ಕಾಲು, ಅರ್ಧ ಯೂನಿಟ್‌ನಂತೆ ಇಳಿಸುತ್ತಾ ಬರುತ್ತಾರೆ. ನಿಂತ ಮೇಲೂ ಅದೇ ಆಹಾರ ಇರಲಿ, ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೆ ಒಂದೆರಡು ಸಲ ಕಿವಿಯ ರಕ್ತ ನೋಡಿ, ತಿಂಗಳಿಗೊಮ್ಮೆ ತೂಕ ಬರೆಯಿರಿ. ಸ್ಟೀರಾಯ್ಡ್ ಬರೆಯುವ ಯಾವುದೇ ವೈದ್ಯರಿಗೆ ‘ಇದಕ್ಕೆ ಶುಗರ್ ಇತ್ತು’ ಎಂದು ಮೊದಲೇ ಹೇಳಿ. ನೀರಿನ ಬಟ್ಟಲು ಮತ್ತೆ ಬೇಗ ಖಾಲಿಯಾಗತೊಡಗಿದರೆ ಅದೇ ವಾರ ಪರೀಕ್ಷೆ ಮಾಡಿಸಿ. ಮರಳಿ ಬಂದರೂ ಚಿಕಿತ್ಸೆ ಇದೇ, ಮತ್ತು ಈ ಸಲ ನಿಮಗೆ ಸೂಜಿ ಹಿಡಿದು ರೂಢಿಯಿರುತ್ತದೆ.